ಸುಟ್ಟ ನೆಲದಲ್ಲಿ ನಿಂತವರು

ಮೊದಲು ಓಡಿಬಂದದ್ದು ಮೊಲಗಳು. ಒಂದು, ಮೂರು, ಆಮೇಲೆ ಎಣಿಸಲಾರದಷ್ಟು. ಕುರಿಗಳ ಕಾಲಸಂದಿಯಲ್ಲೇ ನುಸುಳಿ ಪಡುವಣಕ್ಕೆ ಓಡಿದವು. ಮಂದೆಯ ನಾಯಿ ಒಂದನ್ನೂ ಅಟ್ಟಲಿಲ್ಲ. ಬಾಲ ಮುದುರಿಕೊಂಡು, ಮೂಡಲಿಗೆ ಮೂತಿ ಎತ್ತಿ ನಿಂತುಬಿಟ್ಟಿತು. ಅಂಜಮ್ಮ ತಿರುಗಿ ನೋಡಿದರೆ ಗುಡ್ಡದ ನೆತ್ತಿಯ ಹಿಂದೆ ಹೊಗೆ ಗೋಡೆಯಂತೆ ಏಳುತ್ತಿತ್ತು.

“ಮಾವ, ಅಲ್ನೋಡ್ರಿ!”

ಚಿಕ್ಕಹನುಮಂತಪ್ಪ ಬಾಯಲ್ಲಿದ್ದ ಬೀಡಿಯನ್ನು ತೆಗೆದ. ಜಗಳೂರು ಸೀಮೆಯ ಆ ಗುಡ್ಡಗಳಿಗೆ ಬೆಂಕಿ ಬೀಳುವುದು ಅವನಿಗೆ ಹೊಸದಲ್ಲ. ಆದರೆ ಅದು ಬೀಳುತ್ತಿದ್ದದ್ದು ಶಿವರಾತ್ರಿ ಕಳೆದ ಮೇಲೆ. ಅಷ್ಟರೊಳಗೆ ಕುರಿಯವರೆಲ್ಲ ಮಂದೆಯನ್ನು ಕೆಳಗಿನ ಹೊಲಗಳಿಗೆ ಇಳಿಸಿರುತ್ತಿದ್ದರು. ಎಂಬತ್ತೈದನೇ ಇಸವಿ ಆಗಷ್ಟೇ ಹುಟ್ಟಿತ್ತು. ಸಂಕ್ರಾಂತಿಗೆ ಇನ್ನೂ ಮೂರು ದಿನ. ಹಿಂಗಾರು ಮಳೆ ಕೈಕೊಟ್ಟು ಹುಲ್ಲು ಬೇಗ ಒಣಗಿದ್ದನ್ನು ಊರೆಲ್ಲ ಕಂಡಿತ್ತು. ಹುಲ್ಲಿನ ಹಿಂದೆಯೇ ಬೆಂಕಿಯೂ ಬೇಗ ಬಂದೀತೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಸೂಳೆಕೆರೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಅಂಜಮ್ಮ, ಹಿಂದಿನ ವೈಶಾಖದಲ್ಲಿ ಈ ಮನೆಗೆ ಸೊಸೆಯಾಗಿ ಬಂದವಳು. ಒಲೆಯೊಳಗಿನ ಬೆಂಕಿಯನ್ನಷ್ಟೇ ಬಲ್ಲವಳು. ಈಗ ಬೆಂಕಿ ನೆತ್ತಿ ದಾಟಿ ಇಳಿಯುತ್ತಿತ್ತು. ಗುಡ್ಡದ ಈ ತುದಿಯಿಂದ ಆ ತುದಿಗೆ ಒಂದೇ ಸಾಲು. ತೂಬು ಎತ್ತಿದಾಗ ಕೆರೆಯ ನೀರು ನುಗ್ಗುವಂಥ ಸದ್ದು. ಮಧ್ಯಾಹ್ನದ ಸೂರ್ಯ ತಾಮ್ರದ ಬಿಲ್ಲೆಯಾಗಿದ್ದ. ಹೊಗೆಯ ಮುಂದೆ ಹತ್ತಾರು ಹದ್ದುಗಳು ತೇಲುತ್ತ, ಎದ್ದು ಹಾರುವ ಮಿಡತೆಗಳನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತಿದ್ದವು. ಇಷ್ಟು ಚಂದದ್ದು ಇಷ್ಟು ಭಯಂಕರವಾಗಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

“ಓಡಣ ನಡೀರಿ ಮಾವ!”

“ಎಲ್ಲಿಗೆ ಓಡ್ತೀಯ? ಹುಲ್ಲಿಲ್ದಿರೋ ಆ ಬಂಡೆ ಮುಟ್ಟಾಕೆ ಅರ್ಧ ಮೈಲಿ ಐತೆ. ನಾವು ಮುಟ್ಟಬೋದು. ಗಬ್ಬದ ಕುರಿ ಮುಟ್ಟಲ್ಲ.” ಹಾಗೆನ್ನುತ್ತಲೇ ಮುದುಕ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರಿ, ಪಡುವಣ ದಿಕ್ಕಿನ ಹುಲ್ಲಿಗೆ ತಾನೇ ಬೆಂಕಿ ಇಟ್ಟ.

“ಅಯ್ಯೋ! ಅದೊಂದು ಬೆಂಕಿ ಸಾಲದೇನ್ರಿ?”

“ಸುಟ್ಟಿದ್ದನ್ನ ಬೆಂಕಿ ಇನ್ನೊಂದ್ಸಲ ಸುಡಲ್ಲವ್ವ. ಟಗರು ಹಿಡ್ಕ. ನಾನು ಅಂದ ಕೂಡ್ಲೆ ಒಳಗೆ ನುಗ್ಗು!”

ಗಾಳಿ ಆ ಹೊಸ ಬೆಂಕಿಯನ್ನು ಹೊತ್ತುಕೊಂಡು ಬಂಡೆಗಳತ್ತ ಓಡಿತು. ಅದು ಮೇದು ಹೋದ ಜಾಗ ಕಪ್ಪಗೆ, ಹೊಗೆಯಾಡುತ್ತ ಬಿದ್ದುಕೊಂಡಿತು. ಬೆನ್ನಿಗೆ ಆಗಲೇ ದೊಡ್ಡ ಬೆಂಕಿಯ ಝಳ ತಾಗುತ್ತಿತ್ತು. “ಹೂಂ, ನಡಿ!” ಎಂದು ಮುದುಕ ಕೂಗಿದ. ಅಂಜಮ್ಮ ಟಗರಿನ ಕೊಂಬು ಹಿಡಿದು, ಒಂದು ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ಬರಿಗಾಲಲ್ಲೇ ಆ ಬೂದಿಗೆ ಇಳಿದಳು. ಅಂಗಾಲು ಚುರ್ರೆಂದಿತು. ಟಗರು ಕಾಲೂರಿ ಹಟ ಮಾಡಿತು, ಎಳೆದಳು. ಅದು ಒಂದು ಹೆಜ್ಜೆ ಇಟ್ಟದ್ದೇ ತಡ, ಅರವತ್ತು ಕುರಿಗಳ ಮಂದೆ ಒಂದರ ಬಾಲಕ್ಕೆ ಒಂದು ಮೂತಿ ಒತ್ತಿ ಒಳಗೆ ನುಗ್ಗಿತು. ಮುದುಕ ಸೋರೆಬುರುಡೆಯ ನೀರನ್ನೆಲ್ಲ ಕಂಬಳಿಗೆ ಸುರಿದು ಸೊಸೆಯ ತಲೆಯ ಮೇಲೆ ಹೊದಿಸಿದ.

ಆಗ ಕುರಿಗಳು ಇದ್ದಕ್ಕಿದ್ದಂತೆ ಒಂದೇ ಮಗ್ಗುಲಿಗೆ ಒತ್ತರಿಸಿಕೊಂಡವು. ಕಂಬಳಿ ಸರಿಸಿ ನೋಡಿದರೆ ಹತ್ತು ಮಾರು ಆಚೆ, ಅದೇ ಕಪ್ಪು ನೆಲದ ಮೇಲೆ, ತೋಳ ನಿಂತಿತ್ತು. ಹೋದ ತಿಂಗಳು ಎರಡು ಮರಿ ಹೊತ್ತೊಯ್ದದ್ದು ಇದೇ ಇರಬೇಕು. ಅದರ ಬಾಲದ ಕೂದಲು ಸೀದಿತ್ತು, ನಾಲಗೆ ನೇತಾಡುತ್ತಿತ್ತು. ಮುದುಕನ ಕೈ ದೊಣ್ಣೆಯನ್ನು ಬಿಗಿಹಿಡಿಯಿತು. ತೋಳ ಕುರಿಗಳತ್ತ ತಿರುಗಲೂ ಇಲ್ಲ. ನಾಯಿ ಗುರ್ರೆನ್ನಲಿಲ್ಲ. ಎಲ್ಲರ ಮುಖವೂ ಬೆಂಕಿಯ ಕಡೆಗೇ ಇತ್ತು.

ಬೆಂಕಿ ಬಂತು. ಬೂದಿಯ ಅಂಚಿಗೆ ಬಂದು ಆಳೆತ್ತರ ಎದ್ದಿತು. ತಿನ್ನಲು ಏನೂ ಸಿಗದೆ ಅದು ಇಬ್ಭಾಗವಾಗಿ, ಹೊಳೆಯ ನೀರು ನಡುಗಡ್ಡೆಯನ್ನು ಬಳಸುವಂತೆ ಅವರ ಎಡಕ್ಕೂ ಬಲಕ್ಕೂ ಹರಿದುಹೋಯಿತು. ಎಷ್ಟು ಹೊತ್ತೋ ತಿಳಿಯಲಿಲ್ಲ. ಸದ್ದು ಬೆನ್ನ ಹಿಂದಕ್ಕೆ ಸರಿದು ಬಂಡೆಗಳ ಬಳಿ ಅಡಗಿದ ಮೇಲೆ, ಕಂಕುಳಲ್ಲಿದ್ದ ಮರಿ ಸಣ್ಣಗೆ ಒಮ್ಮೆ ಕೂಗಿತು.

ಮುದುಕ ಬೆರಳು ಮಡಿಸುತ್ತ ಮಂದೆ ಎಣಿಸಿದ. ಒಂದು ಕುರಿ ಇರಲಿಲ್ಲ. ಮತ್ತೊಮ್ಮೆ ಎಣಿಸಿದ, ಆಗಲೂ ಇರಲಿಲ್ಲ. ಅಂಜಮ್ಮನ ಅಂಗಾಲಿನಲ್ಲಿ ಬೊಬ್ಬೆಗಳೆದ್ದಿದ್ದವು. ಅವಳು ಸುತ್ತ ನೋಡಿದಳು: ಗುಡ್ಡ ಹೋಗಿ ಇದ್ದಿಲಿನ ರಾಶಿಯಾಗಿತ್ತು, ಅದರ ನಡುವೆ ತಾವಿನ್ನೂ ಉಸಿರಾಡುತ್ತಿದ್ದೇವೆ ಎಂಬುದನ್ನೇ ಅವಳಿಗೆ ನಂಬಲಾಗಲಿಲ್ಲ.

ತೋಳ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ಆಮೇಲೆ ಎದ್ದು, ಬಿಸಿ ಬೂದಿಯ ಮೇಲೆ ಕುಂಟುತ್ತ ನಡೆಯತೊಡಗಿತು. ಅಂಜಮ್ಮ ಬಗ್ಗಿ ಕಲ್ಲೊಂದನ್ನು ಎತ್ತಿಕೊಂಡಳು. ಮುದುಕ ಅವಳ ಮುಂಗೈ ಹಿಡಿದ.

“ಇವತ್ತೊಂದಿನ ಬಿಡವ್ವ,” ಎಂದ. “ನಾಳೆ ಅದು ಬಂದೇ ಬರ್ತೈತೆ. ಆಗ ಹೊಡೀವಂತೆ.”