ಒಂಬತ್ತನೆಯ ನಿಯಮ

ಮೋಡದ ಸುಳಿವೇ ಇಲ್ಲದ ಆ ಮಧ್ಯಾಹ್ನ ಕೋದಂಡಪ್ಪ ಮೈದಾನದ ಅಂಚಿನಲ್ಲಿ ನಿಂತು ಕೊಡೆ ಬಿಚ್ಚಿದ. ದಿಬ್ಬದ ಮೇಲಿನ ಬಾಯ್ಲರ್ ಮನೆಯ ಕಡೆ ಕಿವಿ ಕೊಟ್ಟ. ಗಣಿಯ ಸೈರನ್ ಕೂಗಲಿಲ್ಲ.

“ಬಿಸ್ಲು ಜಾಸ್ತಿ ಅಲ್ವಾ ಮೇಷ್ಟ್ರೇ,” ಎಂದು ಪಕ್ಕದಲ್ಲಿದ್ದ ಮುನಿನಾರಾಯಣಪ್ಪನವರಿಗೆ ಹಲ್ಲು ಕಿರಿದ.

ಮೇಷ್ಟ್ರು ಬಂಗಾರಪೇಟೆ ತಂಡವನ್ನು ಕಟ್ಟಿದವರು. ಅವರ ಕಣ್ಣೆಲ್ಲ ಆಟದ ಮೇಲಿತ್ತು. ಸಾಫ್ಟ್‌ಬಾಲ್ ಲೀಗಿನ ಫೈನಲ್, ಕೊನೆಯ ಇನ್ನಿಂಗ್ಸ್. ಅವರ ಹುಡುಗರು ಐದು ರನ್ ಮುಂದಿದ್ದರು. ಚೆಂಡು ಎಸೆಯುತ್ತಿದ್ದ ಆದಿನಾರಾಯಣನ ತೋಳು ಇನ್ನೂ ದಣಿದಿರಲಿಲ್ಲ. ಕೋದಂಡಪ್ಪನ ಗಣಿ ಲೈನಿನ ಹುಡುಗರಲ್ಲಿ ಮೂವರು ಔಟಾದರೆ ಮುಗಿಯಿತು.

ಐದು ವರ್ಷದ ಹಿಂದೆ, ಐವತ್ತೇಳರಲ್ಲಿ, ತನ್ನ ಸೀಮೆಗೆ ವಾಪಸು ಹೊರಟ ಗಣಿಯ ಬಿಳಿ ದೊರೆಯೊಬ್ಬ ಎರಡು ಸಾಫ್ಟ್‌ಬಾಲ್ ಬ್ಯಾಟು ಬಿಟ್ಟುಹೋಗಿದ್ದ. ಗಣಿಯ ಟೈಮ್ ಆಫೀಸಿನ ಗುಮಾಸ್ತ ಕೋದಂಡಪ್ಪ ಅದರಿಂದ ಒಂದು ಲೀಗನ್ನೇ ಎಬ್ಬಿಸಿದ. ತಾನೇ ಕಲ್ಲು ಆರಿಸಿ ಮೈದಾನ ಮಾಡಿದ. ಗೋಣಿಚೀಲ ಹೊಲಿದು ಬೇಸು ಮಾಡಿದ. ಈಗ ಬೇತಮಂಗಲ, ಕಾಮಸಮುದ್ರದಿಂದಲೂ ಮಕ್ಕಳು ಬಸ್ಸು ಹತ್ತಿ ಬರುತ್ತಿದ್ದರು. ಸಂಬಳವಿಲ್ಲ, ಸಾರಿಗೆಯಿಲ್ಲ, ಲೀಗಿನ ಸೆಕ್ರೆಟರಿ ಎಂಬ ಹೆಸರೊಂದೇ. ಆ ಹೆಸರಿಗಾಗಿ ಅವನು ಏನು ಬೇಕಾದರೂ ಮಾಡುತ್ತಿದ್ದ.

ಕಪ್ಪು ಗೆದ್ದ ಊರೇ ಮರುವರ್ಷ ಲೀಗು ನಡೆಸಬೇಕು ಎಂಬ ನಿಯಮವನ್ನು ಅವನೇ ಬರೆದಿದ್ದ. ತನ್ನ ಹುಡುಗರು ಸೋಲುವುದುಂಟೇ ಎಂಬ ಠೇಂಕಾರದಲ್ಲಿ ಬರೆದದ್ದು. ಈಗ ಅದೇ ಕುತ್ತಿಗೆಗೆ ಬಂದಿತ್ತು.

ಪಾರಾಗಲು ಉಳಿದದ್ದು ಒಂಬತ್ತನೆಯ ನಿಯಮ. ಪಾಳಿಯ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಸುರಂಗದಲ್ಲಿ ಅನಾಹುತವೆಂದೇ ಅರ್ಥ; ಆಟ ರದ್ದು, ಮುಂದಿನ ತಿಂಗಳು ಮತ್ತೆ ಮೊದಲಿನಿಂದ. ಮೊದಲ ವರ್ಷ ಇಬ್ಬರು ಮಕ್ಕಳು ಇಲ್ಲಿ ಆಡುತ್ತಿದ್ದಾಗಲೇ ಅವರ ಅಪ್ಪಂದಿರು ಸುರಂಗದಲ್ಲಿ ಸತ್ತಿದ್ದರು. ಆಗ ಬರೆದ ನಿಯಮ. ಅದನ್ನು ಪ್ರಶ್ನಿಸುವ ಎದೆ ಯಾರಿಗೂ ಇರಲಿಲ್ಲ.

ಬಾಯ್ಲರ್ ಮನೆಯಲ್ಲಿ ಸೈರನ್ನಿನ ಹಗ್ಗ ಎಳೆಯುವವನು ಕೋದಂಡಪ್ಪನ ಹೆಂಡತಿಯ ತಮ್ಮ ಬಚ್ಚಪ್ಪ. ಹಿಂದಿನ ದಿನ ಟೀ ಅಂಗಡಿಯಲ್ಲಿ ಮಾತು ನಡೆದಿತ್ತು.

“ನಾನು ಕೊಡೆ ಬಿಚ್ಚಿದ್ರೆ ಎಳಿ. ಎರಡೇ ಸಲ. ಕೈತಪ್ಪಿ ಆಯ್ತು ಅನ್ನು.”

“ಎಂಗಸ್ರು ಎದೆ ಒಡ್ಕಂಡು ಓಡಿ ಬತ್ತಾರೆ ಬಾವ.”

“ಓಡಿ ಬಂದು ವಾಪಸ್ ಓಗ್ತಾರೆ. ಸಾಯ್ತಾರಾ?”

ಬಚ್ಚಪ್ಪ ಲೋಟವನ್ನೇ ನೋಡುತ್ತಾ “ಆಗ್ಲಿ” ಎಂದಿದ್ದ.

ಅಡ್ಡಿಯಿದ್ದದ್ದು ಒಂದೇ, ಹಿರಿಮಗ ಚಲಪತಿ. ಲೀಗಿನ ಅಂಪೈರ್ ಅವನೇ. ಒಡಹುಟ್ಟಿದ ತಮ್ಮನನ್ನೇ ಔಟ್ ಕೊಟ್ಟು ಕಳಿಸಿದ ಆಸಾಮಿ. ಅಪ್ಪನ ಮುಖ ನೋಡಿದರೆ ಸಾಕು, ಎಲ್ಲ ಹಿಡಿದುಬಿಡುತ್ತಿದ್ದ. ಅದಕ್ಕೆಂದೇ ಟೈಮ್ ಆಫೀಸಿನ ಪಟ್ಟಿಯಲ್ಲಿ ಕೋದಂಡಪ್ಪ ಮಗನ ಹೆಸರನ್ನು ಸುರಂಗದ ಬೆಳಗಿನ ಪಾಳಿಯಿಂದ ಮಧ್ಯಾಹ್ನದ ಪಾಳಿಗೆ ದಾಟಿಸಿದ್ದ.

“ಮಕ್ಳು ಕಾಯ್ತವೆ ಅಪ್ಪ. ಇವತ್ತೊಂದಿನ ಬಿಡ್ಸು,” ಎಂದು ಚಲಪತಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಕೆಲ್ಸ ಮೊದ್ಲು ಕಣ್ಲಾ. ಓಗು.”

ಮೈದಾನದಲ್ಲಿ ಒಬ್ಬ ಔಟಾದ. ಗೋಡೆಗೆ ಒರಗಿಸಿದ್ದ ಬ್ಯಾಟುಗಳು ದಡದಡನೆ ಉರುಳಿದವು. ಒಬ್ಬ ಹುಡುಗ ಎದ್ದು ಮತ್ತೆ ಒರಗಿಸಿಟ್ಟ. ಕೆಳಗೆ ಸುರಂಗದಲ್ಲಿ ಬಂಡೆ ಸಿಡಿದು ವಾರಕ್ಕೆರಡು ಸಲ ಮನೆಯ ಪಾತ್ರೆಗಳು ಗಡಗಡ ಎನ್ನುವ ಊರು. ಬಂಗಾರಪೇಟೆಯ ಮೇಷ್ಟ್ರು ಮಾತ್ರ ಕಾಲ ಕೆಳಗಿನ ನೆಲ ನೋಡಿಕೊಂಡರು.

ಕೋದಂಡಪ್ಪ ಕೊಡೆ ಮಡಚಿ ಮತ್ತೆ ಬಿಚ್ಚಿದ. ಎರಡನೆಯವನೂ ಔಟಾದ. ಬಾಮೈದನನ್ನು ಮನಸ್ಸಿನಲ್ಲೇ ಜಾಲಾಡಿದ. ಕೊನೆಯ ಹುಡುಗ ಬ್ಯಾಟು ಎತ್ತಿದ.

ಆಗ ಕೂಗಿತು.

ಎರಡು ಸಲಕ್ಕೆ ನಿಲ್ಲಲಿಲ್ಲ. ಬಿಡದೆ ಕೂಗಿತು. ಎರಡು ಅಂದರೆ ಇಪ್ಪತ್ತು ಊದುತ್ತಾನಲ್ಲ ಮುಠ್ಠಾಳ, ಎಂದುಕೊಂಡ ಕೋದಂಡಪ್ಪನಿಗೆ ಸಂತೋಷದಿಂದ ಕಣ್ಣು ಒದ್ದೆಯಾಯಿತು. ಹುಡುಗರು ಎಲ್ಲವನ್ನೂ ಎಸೆದು ಗಣಿಯ ಕಡೆ ಓಡಿದರು.

“ಒಂಬತ್ತನೆಯ ನಿಯಮ. ಆಟ ರದ್ದು,” ಎಂದು ಮೇಷ್ಟ್ರು ತಾವಾಗಿಯೇ ಹೇಳಿ, ನೀರು ಹೊರಲಾದರೂ ಆಗಲಿ ಎಂದು ತಮ್ಮ ಹುಡುಗರನ್ನು ಎಬ್ಬಿಸಿದರು. “ನೀವು ಬರೋಲ್ವಾ?”

“ಸಾಮಾನು ಎತ್ತಿಟ್ಟು ಬತ್ತೀನಿ. ನೀವು ನಡೀರಿ.”

ಹೆಂಡತಿ ಮುನಿರತ್ನಮ್ಮ ಬರಿಗಾಲಲ್ಲಿ ಓಡಿಬಂದಳು. “ಚಲಪತಿ ಕೆಳಗವ್ನೆ,” ಎಂದಳು.

ಕೋದಂಡಪ್ಪ ಅವಳ ಕೈ ಹಿಡಿದುಕೊಂಡ. “ಏನೂ ಆಗಿಲ್ಲ. ನನ್ನ ಮಾತು ಕೇಳು. ಮನೆಗೋಗಿ ಸಾರಿಗಿಡು, ರಾತ್ರಿ ಅಸ್ಕೊಂಡು ಬತ್ತಾನೆ.”

ಅವಳು ಕೈ ಕಿತ್ತುಕೊಂಡು ಓಡಿದಳು. ಪಾಪ ಎನಿಸಿತು, ನಗುವೂ ಬಂತು.

ಅರ್ಧ ಗಂಟೆ ಅವನು ಬ್ಯಾಟು ಒರೆಸಿದ, ಬೇಸುಗಳನ್ನು ಕೊಡವಿದ, ಕಪ್ಪಿಗೆ ಬಟ್ಟೆ ಸುತ್ತಿದ. ಮುಂದಿನ ತಿಂಗಳ ಯಾವ ಭಾನುವಾರ ಆಡಿಸಬೇಕೆಂದು ಯೋಚಿಸಿದ. ಲೀಗು ಇನ್ನೂ ಅವನದೇ ಆಗಿತ್ತು.

ಮೈದಾನದ ಆ ಕೊನೆಯಲ್ಲಿ ಬಚ್ಚಪ್ಪ ಕಾಣಿಸಿಕೊಂಡ. ಕೈಯಲ್ಲೊಂದು ಬಟ್ಟೆಚೀಲ. ದೂರದಲ್ಲೇ ನಿಂತ, ತಲೆ ಎತ್ತಲಿಲ್ಲ. ಕೋದಂಡಪ್ಪ ನಗುತ್ತಾ ಎರಡೂ ಕೈ ಚಾಚಿ ಅವನತ್ತ ನಡೆದ.

“ಬೈಬ್ಯಾಡಿ ಬಾವ, ನನ್ ಕೈಲಿ ಆಗ್ಲಿಲ್ಲ. ಬೆಳಿಗ್ಗೇನೇ ರಜಾ ಆಕಿ ಬಂಗಾರಪ್ಯಾಟೆಗೆ ಓಗ್ಬಿಟ್ಟೆ, ಈಗ್ತಾನೇ ರೈಲಿಳ್ದು ಬತ್ತಾ ಇವ್ನಿ.”