ಏಣಿಯ ಬುಡ

ಎಚ್ಚರಿಕೆಯ ಮೂರನೆಯ ಸಿಳ್ಳೆ ಕೇಳುವಷ್ಟರಲ್ಲಿ ಸ್ಮಶಾನದಲ್ಲಿ ಕೂಲಿ ಮಾಡುವ ಹದಿನಾಲ್ಕು ಮಕ್ಕಳಲ್ಲಿ ಹದಿಮೂರು ಮಂದಿ ಮಾಯವಾಗಿದ್ದರು. ಏಣಿಗಳು ಗೋರಿಗಳ ಹಿಂದೆ, ನೀರಿನ ಡಬ್ಬಗಳು ಪೊದೆಯೊಳಗೆ. ಬೂದು ಕೋಟಿನ ಹೆಂಗಸು ಗೇಟು ದಾಟಿ ಬರುತ್ತಿದ್ದಳು.

ಅವಳು ಎಡ್ವಿಹೆಸ್ ಚಾಂಬಿ, ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್. ಹದಿನಾಲ್ಕು ತುಂಬದ ಮಕ್ಕಳ ಕೈಯಲ್ಲಿ ಪುಸ್ತಕ ಇರಬೇಕು, ಏಣಿಯಲ್ಲ ಎನ್ನುವವಳು. ಮೂರು ವರ್ಷದ ಹಿಂದೆ ಒಂದೇ ಬೆಳಿಗ್ಗೆ ಇಲ್ಲಿಂದ ಹನ್ನೊಂದು ಏಣಿಗಳನ್ನು ಜಪ್ತಿ ಮಾಡಿ ಲಾರಿಗೆ ಹೇರಿಸಿದ್ದಳು. ಮಕ್ಕಳು ಅವಳ ಕಚೇರಿಯವರೆಗೂ ಹೋಗಿ ರಟ್ಟಿನ ಮೇಲೆ ಬರೆದು ಹಿಡಿದಿದ್ದರು: "ಏಣಿ ಕಸಿಯಬೇಡಿ, ಬುಡ ಹಿಡಿದುಕೊಳ್ಳಿ." ಕೆಲಸ ನಿಲ್ಲಿಸಬೇಡಿ, ಬೀಳದ ಹಾಗೆ ನೋಡಿಕೊಳ್ಳಿ ಎಂದು ಅದರ ಅರ್ಥ. ಕೇಳುವವರು ಯಾರು? ಕಾನೂನಿಗೆ ಕೈ ಉದ್ದ, ಕಿವಿ ಮೊಂಡು.

ಓಡದೆ ನಿಂತವಳು ಪಾಸ್ಕುವಾಲಾ ಒಬ್ಬಳೇ. ಹನ್ನೊಂದರ ಹುಡುಗಿ, ಹೆಗಲ ಮೇಲೆ ಎರಡಾಳುದ್ದದ ಏಣಿ. ಅಂದು ಸತ್ತವರ ಹಬ್ಬದ ಎರಡನೆಯ ದಿನ. ಮನೆಗೆ ಬಂದ ಆತ್ಮಗಳು ನಡುಮಧ್ಯಾಹ್ನ ಹನ್ನೆರಡಕ್ಕೆ ಹೊರಟುಬಿಡುತ್ತವೆ. ಅಷ್ಟರೊಳಗೆ ಶವಪೆಟ್ಟಿಗೆ ಇಡುವ ಏಳು ಸಾಲಿನ ಗೋಡೆಗಳ ಗಾಜಿನ ಬಾಗಿಲಿನ ಗೂಡುಗಳಲ್ಲಿ ಮಲಗಿದವರಿಗೆ ಗಾಜು ಒರೆಸಿ, ಹೂ ಬದಲಿಸಿ, ಪ್ರಾರ್ಥನೆ ಹೇಳಿ ಮುಗಿಸಬೇಕು. ಶಾಲೆಯ ಫೀಸು, ಬೂಟು ಎಲ್ಲ ಈ ಎರಡು ದಿನದ ದುಡಿಮೆಯಲ್ಲೇ. ಏಣಿ ಹೋದರೆ ಶಾಲೆಯೂ ಹೋದಂತೆ.

"ವಯಸ್ಸೆಷ್ಟು?"

"ಕೆಳಗಿದ್ರೆ ಹನ್ನೊಂದು ಮೇಡಂ. ಏಣಿ ಹತ್ತಿದ್ರೆ ಹದಿನಾಲ್ಕು."

ಹೆಂಗಸು ನಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಎದೆಗೊತ್ತಿಕೊಂಡಳು. ಜಪ್ತಿಯ ರಶೀದಿ ಪುಸ್ತಕ ಅದರಲ್ಲೇ ಇರುತ್ತದೆಂದು ಗೋರಿಗಳ ಹಿಂದಿನ ಕಣ್ಣುಗಳಿಗೆ ಗೊತ್ತಿತ್ತು.

"ಈ ಏಣಿ ಯಾರದು?"

"ನಮ್ಮನೇದು. ಮೊದ್ಲು ಒಂದಿತ್ತು. ಅದನ್ನ ನೀವೇ ತಗೊಂಡು ಹೋದ್ರಲ್ಲ."

ಎಡ್ವಿಹೆಸ್ ಗೋಡೆಗಳ ಕಡೆ ಕೈ ತೋರಿದಳು.

"ನಡಿ. ಏಣಿ ತಗೊಂಡೇ ನಡಿ."

"ಲಾರಿಗಾ?"

"ಐದನೇ ಗೋಡೆ. ಆರನೇ ಸಾಲು."

ಪಾಸ್ಕುವಾಲಾ ಮುಂದೆ ನಡೆದಳು. ಏಣಿಯ ಕಾಲು ಸಿಮೆಂಟಿನ ಮೇಲೆ ಕಿರ್ರೆಂದಿತು. ಹೆಂಗಸು ಬೆಚ್ಚಿ ಕಿವಿ ಮುಚ್ಚಿಕೊಂಡಳು.

"ಎಳೀಬೇಡ ಮಗಾ, ಎತ್ಕೊ. ಮೂರು ವರ್ಷದಿಂದ ಮನೇಲೂ ಇದೇ ಸದ್ದು."

"ಮನೇಲಿ ಏಣಿ ಇದ್ಯಾ?"

"ಇಲ್ಲ."

ಐದನೇ ಗೋಡೆಯ ಆರನೇ ಸಾಲಿನಲ್ಲಿ ನಲವತ್ತು ಗೂಡುಗಳಿವೆ. ಯಾವುದೆಂದು ಕೇಳದೆಯೇ ಹುಡುಗಿ ಹದಿನೇಳನೆಯದಕ್ಕೆ ಏಣಿ ಒರಗಿಸಿದಳು. ಗಾಜಿನ ಮೇಲೆ ಬರೆದಿತ್ತು: ಹಿಲಾರಿಯಾ, ಹದಿಮೂರು ವರ್ಷ.

ಎಡ್ವಿಹೆಸ್ ಚೀಲ ಬಿಚ್ಚಿದಳು. ರಶೀದಿ ಪುಸ್ತಕ ಇರಲಿಲ್ಲ. ರೊಟ್ಟಿಯ ಹಿಟ್ಟಿನಲ್ಲಿ ಮಾಡಿದ ಪುಟ್ಟ ಏಣಿಯೊಂದಿತ್ತು, ಒಂದು ಬದಿ ಸೀದದ್ದು. ಹಿಟ್ಟು ಕಲಸಿ ಅಭ್ಯಾಸವಿಲ್ಲದ ಕೈ. ಮೂರನೆಯ ವರ್ಷ ಆತ್ಮವನ್ನು ಕೊನೆಯ ಸಲ ಬೀಳ್ಕೊಡುತ್ತಾರೆ. ಹತ್ತಿ ಹೋಗಲೆಂದು ರೊಟ್ಟಿಯ ಏಣಿ ಇಡುತ್ತಾರೆ. ಪ್ರಾರ್ಥನೆಯನ್ನು ಮಾತ್ರ ಬೇರೆ ಮನೆಯ ಮಗುವೇ ಹೇಳಬೇಕು, ಹೇಳಿ ಕೂಲಿ ಪಡೆಯಬೇಕು. ಕೂಲಿ ಮುಟ್ಟಿದರೆ ಪ್ರಾರ್ಥನೆ ಮುಟ್ಟಿತು ಎನ್ನುತ್ತಾರೆ ಮುದುಕಿಯರು. ಮುಟ್ಟದಿದ್ದರೆ ಆತ್ಮ ಇಲ್ಲೇ ಸುತ್ತುತ್ತಿರುತ್ತದೆ.

ಹುಡುಗಿ ಏಣಿ ಹತ್ತಿದಳು. ಇನ್‌ಸ್ಪೆಕ್ಟರ್ ಬಗ್ಗಿ ಎರಡೂ ಕೈಯಿಂದ ಏಣಿಯ ಬುಡ ಹಿಡಿದಳು. ಗೋರಿಯ ಹಿಂದೆ ಯಾರೋ "ಅಯ್ಯೋ, ನೋಡ್ರೋ!" ಎಂದು ಪಿಸುಗುಟ್ಟಿದರು.

"ಈ ಹಿಲಾರಿಯಾಳ ಏಣಿ ಕಸಿದ್ರೆ ಶಾಲೆಗೆ ಹೋಗ್ತಾಳೆ ಅಂತಿದ್ದೆ," ಎಡ್ವಿಹೆಸ್ ಯಾರೂ ಕೇಳದಿದ್ದರೂ ನೆಲಕ್ಕೇ ಹೇಳಿದಳು. "ತವರದ ಗಣಿಗೆ ಇಳಿದ್ಲು. ಅಲ್ಲಿಗೆ ನಾವು ಇನ್‌ಸ್ಪೆಕ್ಟರ್‌ಗಳು ಯಾರೂ ಇಳಿಯಲ್ಲ. ಎರಡೇ ವಾರಕ್ಕೆ ಮೇಲಿನ ಕಲ್ಲು ಕುಸೀತು."

ಹುಡುಗಿ ಗಾಜು ಒರೆಸಿದಳು, ಹಿಟ್ಟಿನ ಏಣಿಯನ್ನು ಗೂಡಿನೊಳಗೆ ನೆಟ್ಟಗೆ ನಿಲ್ಲಿಸಿದಳು. ಬೇರೆಯವರಿಗೆ ಗಡಗಡ ಒಪ್ಪಿಸುವ ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ, ಕಣ್ಣು ಮುಚ್ಚಿ ಹೇಳಿದಳು. ಮುಗಿಯುವುದಕ್ಕೂ ಹನ್ನೆರಡರ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಮೂರು ವರ್ಷದಲ್ಲಿ ಮೊದಲ ಸಲ ಎಡ್ವಿಹೆಸ್‌ಗೆ ಉಸಿರು ಹಗುರವೆನಿಸಿತು.

ಕೆಳಗಿಳಿದ ಹುಡುಗಿಯತ್ತ ಅವಳು ನೂರು ಬೊಲಿವಿಯಾನೋದ ನೋಟು ಚಾಚಿದಳು. "ತಗೋ ಮಗಾ, ಬೇಗ. ನೀನು ಕೂಲಿ ತಗೊಂಡ್ರೇನೇ ಅವಳು ಹೋಗೋದು."

ಪಾಸ್ಕುವಾಲಾ ಆ ನೋಟನ್ನು ನೋಡಿದಳು, ತನ್ನ ಹರಿದ ಬೂಟನ್ನೂ ನೋಡಿದಳು. ಆಮೇಲೆ ಏಣಿಯನ್ನು ಹೆಗಲಿಗೇರಿಸದೆ, ಸಿಮೆಂಟಿನ ಮೇಲೆ ಕಿರ್ರೆಂದು ಎಳೆದುಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ ನೋಡದೆ ಹೇಳಿದಳು:

"ಇಟ್ಕೊಳ್ಳಿ ಮೇಡಂ. ಸ್ವಂತ ಅಕ್ಕಂಗೆ ಪ್ರಾರ್ಥನೆ ಹೇಳಿ ಯಾರಾದ್ರೂ ಕೂಲಿ ತಗೋತಾರಾ?"