ಹಸಿದ ಹುಳ

ಪೆಟ್ರೋಲಿನ ಆವಿ ಕುಡಿಯುವ ಹುಳಗಳು ಊರಿಗೆ ಬಂದಮೇಲೆ, ಅವು ಮುತ್ತಿದ ಗಾಡಿಯನ್ನು ಸಂಜೆಯೊಳಗೆ ಸುಡಬೇಕೆಂಬುದು ಕಟ್ಟಳೆಯಾಗಿತ್ತು. ಈಗ ಅವು ಫಕೀರವ್ವನ ಉಳ್ಳಾಗಡ್ಡಿ ಸಾಗಿಸುವ ಪಿಕಪ್ಪನ್ನು ಮುತ್ತಿದ್ದವು. ಎದುರುಮನೆಯ ಗುರುಸಿದ್ದಪ್ಪ ಕಡ್ಡಿಪೆಟ್ಟಿಗೆ ಹಿಡಿದೇ ನಿಂತಿದ್ದ.

“ನನ್ನ ಬಾಗಲದ ಮುಂದ ನಿಲ್ಲಿಸಬ್ಯಾಡಂತ ಎಷ್ಟ್ ಸಲ ಹೇಳೂದು? ಈಗ ಸುಡು!”

“ಬಾಯಿ ಮುಚ್ಚು. ಪೆಟ್ರೋಲ್ ಎಲ್ಲಿ ಸೋರತೈತಿ ಅಂತ ಮೊದಲ ದಾವಲಸಾಬ ನೋಡ್ಲಿ,” ಎಂದಳು ಫಕೀರವ್ವ.

ಮೆಕ್ಯಾನಿಕ್ ದಾವಲಸಾಬ ತನ್ನ ಡಬ್ಬಿ ತೆಗೆದ. ಹೊಟ್ಟೆ ತುಂಬಿದ ಹುಳ ಸುಮ್ಮನೆ ಸುತ್ತುತ್ತದೆ. ಹಸಿದದ್ದು ನೇರ ವಾಸನೆಯ ಮೂಲಕ್ಕೇ ಹೋಗುತ್ತದೆ. ಅದಕ್ಕೇ ಮೆಕ್ಯಾನಿಕರೆಲ್ಲ ಒಂದಿಷ್ಟು ಹುಳಗಳನ್ನು ಉಪವಾಸ ಕೆಡವಿ ಇಟ್ಟುಕೊಳ್ಳುತ್ತಿದ್ದರು.

ಡಬ್ಬಿಯ ಹುಳಗಳು ಪೆಟ್ರೋಲ್ ಪೈಪಿನ ಮೇಲೆ ಕೂರಲಿಲ್ಲ. ಅರ್ಧದಷ್ಟು ಹುಳಗಳು ಟ್ಯಾಂಕಿನ ಮುಚ್ಚಳಕ್ಕೆ ಅಂಟಿದವು. ಉಳಿದರ್ಧ ಗಾಡಿ ಬಿಟ್ಟು ಹಾರಿ ಹೋಗಿ ಗುರುಸಿದ್ದಪ್ಪನ ಬಲಗೈ ಬೆರಳುಗಳನ್ನು ಮುತ್ತಿದವು.

ದಾವಲಸಾಬ ಮುಚ್ಚಳ ತಿರುಗಿಸಿ ನೋಡಿದ. “ಒಳಗಿನ ರಬ್ಬರ್ ವಾಷರ್ ಯಾರೋ ಕಿತ್ತಾರ ನೋಡ್ರಿ, ಅವ್ವಾರ.”

ಗುರುಸಿದ್ದಪ್ಪ ಕೈ ಕೊಡವಿದ. ಹುಳ ಬಿಡಲಿಲ್ಲ, ಕಡ್ಡಿಪೆಟ್ಟಿಗೆ ಕೆಳಗೆ ಬಿತ್ತು. ಫಕೀರವ್ವ ಅದನ್ನು ಎತ್ತಿಕೊಂಡು ಅವನ ಎದುರಿಗೆ ಬಂದು ನಿಂತು, ಕಡ್ಡಿ ಗೀರಿದಳು.

“ಹುಳ ಕುಂತದ್ದನ್ನ ಸುಡಬೇಕು ಅಂದ್ಯಲ್ಲ? ಕೈ ಮುಂದ ಮಾಡು.”